ಹಸಿರು ಹಿಕ್ಕೆ ಹಾಕಿದ ಕೆಂಪಿ: ಹಿತ್ತಲ ಕೋಳಿಯೊಂದರ ಪ್ರಕರಣ ಅಧ್ಯಯನ

ಆಷಾಢದ ಒಂದು ಭಾನುವಾರ. ಬೆಳಗ್ಗೆ ಆರೂವರೆಗೆ ಚಿಕ್ಕಮ್ಮನ ಫೋನು.

"ಕೊಕ್ಕರೆ ರೋಗ ಬಂದ್ಬುಟ್ಟದೆ ಕಣವ್ವ. ಕೆಂಪಿ ಹಸ್ರು ಹಿಕ್ಕೆ ಹಾಕ್ತಾ ಅವ್ಳೆ. ನಿಮ್ ಚಿಕ್ಕಪ್ಪ ಎಲ್ಲಾನೂ ಮಂಕರಿಗೆ ತುಂಬಿ ನಾಳೆ ಸಂತೆಗೆ ಒಯ್ತೀನಿ ಅಂತ ಕುಂತವ್ರೆ. ನೀನಾದ್ರೂ ವಸಿ ಮಾತಾಡು."

ಒಂದು ಕೋಳಿಯನ್ನೂ ಮಾರಬೇಡಿ, ನಾನು ಬರುವವರೆಗೆ ಯಾವುದನ್ನೂ ಹೊರಗೆ ಬಿಡಬೇಡಿ ಅಂತ ಹೇಳಿ ಮೈಸೂರಿನಿಂದ ಹೊರಟೆ. ಅಲ್ಲಿಂದ ಮುಂದಿನ ಆರು ವಾರ ನಡೆದದ್ದು ಇಲ್ಲಿದೆ. ಅವತ್ತಿನಿಂದ ಒಂದು ನೋಟ್‌ಬುಕ್ಕಿನಲ್ಲಿ ದಿನದಿನವೂ ಬರೆದಿಟ್ಟಿದ್ದೆ. ಹಾಗಾಗಿ ತೂಕ, ದಿನ ಎಲ್ಲ ನೆನಪಿನಿಂದ ಹೇಳುತ್ತಿಲ್ಲ, ನೋಡಿಕೊಂಡೇ ಬರೆಯುತ್ತಿದ್ದೇನೆ. ನಾನು ಪಶುವೈದ್ಯೆ ಅಲ್ಲ. ಹನ್ನೆರಡು ವರ್ಷದಿಂದ ಮನೆ ಹಿಂದೆ ಕೋಳಿ ಸಾಕಿದ್ದೇನೆ ಅಷ್ಟೆ. ಔಷಧಿ ವಿಷಯದಲ್ಲಿ ಡಾಕ್ಟರು ಹೇಳಿದ್ದನ್ನು ಮಾತ್ರ ಮಾಡಿದ್ದು.

ಮನೆ, ಗೂಡು, ಕೋಳಿಗಳು

ಚಿಕ್ಕಮ್ಮನ ಊರು ಪಾಂಡವಪುರ ತಾಲ್ಲೂಕಿನಲ್ಲಿ, ನಾಲೆ ಪಕ್ಕ. ಮನೆ ಹಿಂದೆ ದನದ ಕೊಟ್ಟಿಗೆ. ಕೊಟ್ಟಿಗೆ ಗೋಡೆಗೆ ಒರಗಿದ ಹಾಗೆ ಕಟ್ಟಿದ ಕೋಳಿಗೂಡು. ಅದರಾಚೆ ಕಬ್ಬಿನ ಗದ್ದೆ. ದೊಡ್ಡ ಕೋಳಿಗಳು 14. ಅದರಲ್ಲಿ 11 ನಾಟಿ, 3 ಗಿರಿರಾಜ. ಬೆಂಗಳೂರಿನ ಹೆಬ್ಬಾಳದಲ್ಲಿ ಹಿತ್ತಲ ಸಾಕಣೆಗೆಂದೇ ಬೆಳೆಸಿದ ಈ ಗಿರಿರಾಜ ತಳಿ ನಮ್ಮ ಕಡೆ ಎಷ್ಟೋ ಮನೆಗಳಲ್ಲಿದೆ. ಕೆಂಪಿ ಎರಡು ವರ್ಷದ ನಾಟಿ ಹ್ಯಾಟೆ. ಆಗ ಅವಳ ಹಿಂದೆ 12 ದಿನದ 9 ಮರಿಗಳಿದ್ದವು.

ಕೆಂಪಿ ಮರಿ ತಾಯಿ ಅನ್ನುವುದನ್ನು ಇಲ್ಲೇ ಹೇಳಿದ್ದಕ್ಕೆ ಕಾರಣ ಇದೆ. ರೋಗ ಬಂದ ಕೋಳಿ ಹೇಗೆ ಕೂರುತ್ತದೆ? ಪುಕ್ಕ ಉಬ್ಬಿಸಿ, ಕತ್ತು ಒಳಗೆಳೆದುಕೊಂಡು, ಅಲ್ಲಾಡದೆ. ಮರಿಗಳನ್ನು ರೆಕ್ಕೆಯೊಳಗೆ ಸೇರಿಸಿಕೊಂಡ ತಾಯಿಕೋಳಿ ಹೇಗೆ ಕೂರುತ್ತದೆ? ಅದೂ ಹಾಗೇ. ಗುರುವಾರ, ಶುಕ್ರವಾರ ಎರಡು ದಿನವೂ ಕೆಂಪಿ ಮೂಲೆಯಲ್ಲಿ ಕೂತೇ ಇದ್ದಳು. ಮಳೆ ಹಿಡಿದಿತ್ತು, ಮರಿಗೆ ಶಾಖ ಕೊಡುತ್ತಿದ್ದಾಳೆ ಅಂದುಕೊಂಡರು. ನಾನು ಅಲ್ಲಿದ್ದಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆ.

ಶನಿವಾರ ಸಂಜೆ ಚಿಕ್ಕಮ್ಮ ಹಿಕ್ಕೆ ನೋಡಿದರು. ಕಡು ಹಸಿರು, ನೀರು ನೀರು, ನಡುವೆ ಒಂದಿಷ್ಟು ಬಿಳಿ. ಹಸಿರು ಅಂದ ತಕ್ಷಣ ನಮ್ಮ ಕಡೆ ಬಾಯಿಗೆ ಬರುವುದು ಒಂದೇ ಹೆಸರು, ಕೊಕ್ಕರೆ ರೋಗ. ಚಿಕ್ಕಪ್ಪ ಔಷಧಿ ಅಂಗಡಿಗೆ ಹೋಗಿ ಒಂದು ಪೊಟ್ಟಣ ಆಂಟಿಬಯೋಟಿಕ್ ಪುಡಿ ತಂದು ಎಲ್ಲ ಕೋಳಿಗಳ ನೀರಿಗೂ ಕಲಸಿಬಿಟ್ಟರು. ಕೋಳಿಯನ್ನು ಯಾರೂ ಕೈಯಲ್ಲಿ ಹಿಡಿದು ನೋಡಿರಲಿಲ್ಲ.

ಕೊಕ್ಕರೆ ರೋಗದ ಭಯ ಸುಮ್ನೆ ಬಂದದ್ದಲ್ಲ

ಚಿಕ್ಕಪ್ಪನ ಮೇಲೆ ನನಗೆ ಬೇಸರ ಇಲ್ಲ. ಐದಾರು ವರ್ಷದ ಹಿಂದೆ ಒಂದು ಬೇಸಿಗೆಯಲ್ಲಿ ಅವರ ಗೂಡು ನಾಲ್ಕೇ ದಿನದಲ್ಲಿ ಖಾಲಿಯಾಗಿತ್ತು. ಕೊಕ್ಕರೆ ರೋಗ ಅಂದರೆ ರಾಣಿಖೇತ್ ರೋಗ. 1920ರ ದಶಕದಲ್ಲಿ ಕುಮಾವೂ ಬೆಟ್ಟಗಳ ರಾಣಿಖೇತ್ ಊರಿನಲ್ಲಿ ಕಂಡದ್ದರಿಂದ ನಮ್ಮ ದೇಶದಲ್ಲಿ ಆ ಹೆಸರು ನಿಂತಿತು. ಇದು ವೈರಸ್‌ನಿಂದ ಬರುವ ರೋಗ. ಲಸಿಕೆ ಹಾಕಿಲ್ಲದ ಗೂಡಿಗೆ ಹೊಕ್ಕರೆ ಒಂದೂ ಉಳಿಯದೆ ಹೋಗಬಹುದು. ಬಂದ ಮೇಲೆ ಇದಕ್ಕೆ ಔಷಧಿ ಇಲ್ಲ. ಆಂಟಿಬಯೋಟಿಕ್ ಪುಡಿ ವೈರಸ್ಸನ್ನು ಏನೂ ಮಾಡುವುದಿಲ್ಲ.

ಆದರೆ ಸಂತೆಗೆ ಒಯ್ಯುವ ಮಾತು ಬಂತಲ್ಲ, ಅದಕ್ಕೆ ಮಾತ್ರ ನಾನು ಒಪ್ಪಲೇ ಇಲ್ಲ. ಒಂದು ಮಂಕರಿ ಕಾಯಿಲೆ ಕೋಳಿ ಸಂತೆಗೆ ಹೋದರೆ ಸಂಜೆಯೊಳಗೆ ಹತ್ತು ಊರಿಗೆ ರೋಗ ಹಂಚಿದ ಹಾಗೆ. ರೋಗ ಹತ್ತಿದ ಕೋಳಿ ಎರಡು ದಿನದಿಂದ ಹದಿನೈದು ದಿನದವರೆಗೆ ಏನೂ ತೋರಿಸದೆ ಇರಬಹುದು. ಕೊಂಡವರಿಗೆ ಗೊತ್ತೇ ಆಗುವುದಿಲ್ಲ. ಅವರ ಮನೆಯಲ್ಲೂ ನಮ್ಮ ಚಿಕ್ಕಮ್ಮನ ಥರ ಮೊಟ್ಟೆ ಮಾರಿ ಮನೆ ಖರ್ಚು ತೂಗಿಸುವ ಹೆಂಗಸು ಇರುತ್ತಾರೆ ಅಲ್ವಾ?

ಮುಟ್ಟುವ ಮುಂಚೆ ನೋಡಿದ್ದು

ಎಂಟೂವರೆಗೆ ತಲುಪಿದೆ. ಮೊದಲು ಹತ್ತು ನಿಮಿಷ ಗೂಡಿನ ಹೊರಗೆ ಸುಮ್ನೆ ನಿಂತೆ. ಕಾಯಿಲೆ ಕೋಳಿಯನ್ನು ನೋಡುವ ಮುಂಚೆ ಉಳಿದವನ್ನು ನೋಡಬೇಕು ಅನ್ನುವುದನ್ನು ಕಲಿಯಲು ನನಗೆ ಕೆಲವು ವರ್ಷ ಬೇಕಾಯಿತು.

ಉಳಿದ ಹದಿಮೂರೂ ಚೆನ್ನಾಗಿದ್ದವು. ಜುಟ್ಟು ಕೆಂಪಾಗಿತ್ತು. ಹುಂಜ ಕೂಗುತ್ತಿತ್ತು. ಯಾವುದೂ ಬಾಯಿ ತೆರೆದು ಉಸಿರೆಳೆಯುತ್ತಿರಲಿಲ್ಲ. ಗೊರಗೊರ ಶಬ್ದ ಇಲ್ಲ. ಕತ್ತು ತಿರುಚಿಕೊಂಡದ್ದು, ರೆಕ್ಕೆ ಜೋಲು ಬಿದ್ದದ್ದು, ಕಾಲು ಎಳೆಯುವುದು, ಯಾವುದೂ ಇಲ್ಲ. ತೋಲುಮೊಟ್ಟೆ, ಅಂದರೆ ಗಟ್ಟಿ ಚಿಪ್ಪಿಲ್ಲದ ಮೊಟ್ಟೆ, ಬಂದಿದೆಯಾ ಅಂತ ಕೇಳಿದೆ. ಇಲ್ಲ ಅಂದರು. ಕೊಕ್ಕರೆ ರೋಗವಾಗಿದ್ದರೆ ಮೂರು ದಿನಕ್ಕೆ ಇಷ್ಟು ಶಾಂತವಾಗಿ ಇರುವುದಿಲ್ಲ. ಅದೂ ಅಲ್ಲದೆ ಮರಿಗಳು ಮೊದಲು ಬೀಳುತ್ತವೆ.

ಮರಿಗಳಲ್ಲಿ ಎರಡು ಹಿಂದಿನ ರಾತ್ರಿ ಸತ್ತಿದ್ದವು. ಇದನ್ನು ಕೇಳಿದಾಗ ನನ್ನ ಎದೆಯೂ ಧಸಕ್ಕೆಂದಿತು. ಒಂದನ್ನು ಕವರ್ ಒಳಗೆ ಕೈ ಹಾಕಿ ಎತ್ತಿ ನೋಡಿದೆ. ಹೊಟ್ಟೆಯ ತುಪ್ಪಳ ಒದ್ದೆ, ಹಿಂಬದಿ ಶುಭ್ರ, ಭೇದಿಯ ಗುರುತಿಲ್ಲ. ಉಳಿದ ಏಳು ಒಂದರ ಮೇಲೊಂದು ಹತ್ತಿ ಮೂಲೆಯಲ್ಲಿ ಚಿಂವ್ ಚಿಂವ್ ಅಂತ ಜೋರಾಗಿ ಕೂಗುತ್ತಿದ್ದವು. ಅದು ರೋಗದ ಕೂಗಲ್ಲ, ಚಳಿಯ ಕೂಗು. ತಾಯಿ ಅವನ್ನು ಒಳಗೆ ಸೇರಿಸಿಕೊಳ್ಳುತ್ತಿರಲಿಲ್ಲ.

ಇನ್ನೂ ಒಂದು ಕಣ್ಣಿಗೆ ಬಿತ್ತು. ಗೂಡಿನಲ್ಲಿ ನೊಣ ಎಲ್ಲ ಕಡೆ ಇತ್ತು, ಮಳೆಗಾಲ ನೋಡಿ. ಆದರೆ ಕೆಂಪಿಯ ಬಲಗಡೆ ಬೆನ್ನಿನ ಮೇಲೆ ಮಾತ್ರ ಆರೇಳು ನೊಣ, ಅದರಲ್ಲೂ ಮಿರಮಿರ ಮಿಂಚುವ ಹಸಿರು ನೊಣ, ಎದ್ದು ಎದ್ದು ಮತ್ತೆ ಅಲ್ಲೇ ಕೂರುತ್ತಿದ್ದವು. ಬಲ ರೆಕ್ಕೆ ಮೈಗೆ ಅಂಟಿಸಿದ ಹಾಗಿತ್ತು.

ಕೈಯಲ್ಲಿ ಹಿಡಿದಾಗ

ಕೋಳಿ ಹಿಡಿಯುವಾಗ ಎದೆ ಅಮುಕಬಾರದು. ಎದೆಗೂ ಹೊಟ್ಟೆಗೂ ನಡುವೆ ನಮಗಿರುವಂಥ ವಪೆ, ಅಂದರೆ ಉಸಿರೆಳೆಯುವ ಸ್ನಾಯುವಿನ ಪರದೆ, ಅದಕ್ಕಿಲ್ಲ. ಎದೆಮೂಳೆ ಮುಂದೆ ಹಿಂದೆ ಆಡಿದರೆ ಮಾತ್ರ ಉಸಿರು. ಮಗುವನ್ನು ಸುತ್ತಿದ ಹಾಗೆ ಬಿಗಿಯಾಗಿ ಟವಲು ಸುತ್ತಿದರೆ ಕೈಯಲ್ಲೇ ಉಸಿರು ಕಟ್ಟಿ ಸಾಯಬಹುದು. ನಾನು ಒಂದು ಹಳೇ ಪಂಚೆಯನ್ನು ಸಡಿಲವಾಗಿ ಹೊದಿಸಿ, ಕೆಂಪಿಯನ್ನು ತೊಡೆ ಮೇಲೆ ಕೂರಿಸಿಕೊಂಡೆ. ಚಿಕ್ಕಮ್ಮ ಎದುರಿಗೆ ಕೂತು ಟಾರ್ಚು ಹಿಡಿದರು.

ತಲೆಯಿಂದ ಶುರು ಮಾಡಿದೆ. ಜುಟ್ಟು ಬಿಳಿಚಿತ್ತು, ನೀಲಿ ತಿರುಗಿರಲಿಲ್ಲ. ಕಣ್ಣು ಅರೆ ಮುಚ್ಚಿತ್ತು, ಊತ ಇಲ್ಲ, ನೊರೆ ಇಲ್ಲ. ಮೂಗಿನಲ್ಲಿ ಸಿಂಬಳ ಇಲ್ಲ. ಬಾಯೊಳಗೆ ಬಿಳಿ ಪದರ ಇಲ್ಲ. ಎದೆ ಮೇಲಿನ ಮೇವಿನ ಚೀಲ ಮುಟ್ಟಿದರೆ ಏನೂ ಸಿಗಲಿಲ್ಲ, ಖಾಲಿ ಬಟ್ಟೆ ಚೀಲದ ಹಾಗೆ. ಎದೆಮೂಳೆ ಚಾಕುವಿನ ಅಂಚಿನಂತೆ ಬೆರಳಿಗೆ ತಾಗಿತು. ಅಂದರೆ ಮೈ ಇಳಿದಿದೆ.

ಅಲ್ಲಿಗೆ ಹಸಿರು ಹಿಕ್ಕೆಯ ಲೆಕ್ಕ ಅರ್ಧ ಸಿಕ್ಕಿತು. ಕೋಳಿಯ ಪಿತ್ತದ ಬಣ್ಣವೇ ಹಸಿರು. ಹೊಟ್ಟೆಗೆ ಮೇವು ಬಿದ್ದಾಗ ಅದು ಮೇವಿನಲ್ಲಿ ಬೆರೆತು ಕಂದು ಹಿಕ್ಕೆಯಾಗುತ್ತದೆ. ಹೊಟ್ಟೆ ಖಾಲಿಯಿದ್ದರೆ ಹೊರಬರಲು ಪಿತ್ತ ಬಿಟ್ಟು ಬೇರೇನೂ ಇರುವುದಿಲ್ಲ. ಜೊತೆಗೆ ಬರುವ ಬಿಳಿ ಭಾಗ ಅದರ ಮೂತ್ರ. ಎರಡು ದಿನ ತಿನ್ನದ ಯಾವ ಕೋಳಿಯಾದರೂ ಹಸಿರು ಹಿಕ್ಕೆ ಹಾಕುತ್ತದೆ. ಕೊಕ್ಕರೆ ರೋಗದಲ್ಲೂ ಹಸಿರು ಬರುತ್ತದೆ, ನಿಜ. ಆದರೆ ಹಸಿರು ಕಂಡಾಗ ಮೊದಲು ಕೇಳಬೇಕಾದ್ದು "ಇದು ತಿಂದಿದೆಯಾ?" ಅಂತ. ತಿಂದಿಲ್ಲ ಅಂದರೆ, ಯಾಕೆ ತಿಂದಿಲ್ಲ ಅಂತ.

ಉತ್ತರ ಬಲ ರೆಕ್ಕೆ ಕೆಳಗೆ ಇತ್ತು. ರೆಕ್ಕೆ ಎತ್ತಲು ಹೋದರೆ ಕೆಂಪಿ ಒಂದೇ ಸಲ ಒದರಿದಳು. ಪುಕ್ಕಗಳು ಒಣಗಿದ ರಕ್ತಕ್ಕೆ ಅಂಟಿ ಹಲಗೆಯ ಹಾಗೆ ಗಟ್ಟಿಯಾಗಿದ್ದವು. ಮೊದಲು ಬಂದದ್ದು ವಾಸನೆ, ಸತ್ತ ಇಲಿಯ ವಾಸನೆ. ಉಗುರುಬೆಚ್ಚಗಿನ ನೀರಿನಲ್ಲಿ ಬಟ್ಟೆ ಅದ್ದಿ ಹತ್ತು ನಿಮಿಷ ಒತ್ತಿ ಹಿಡಿದ ಮೇಲೆ ಪುಕ್ಕ ಬಿಟ್ಟಿತು. ಒಳಗೆ ಚರ್ಮ ಮೂರು ಬೆರಳಗಲ ಹರಿದು, ಹಳೇ ಕಾಗದದಂತೆ ಮಡಚಿಕೊಂಡಿತ್ತು. ಅದರಿಂದ ಸ್ವಲ್ಪ ದೂರದಲ್ಲಿ ಎರಡು ತೂತು, ಕೋರೆಹಲ್ಲಿನ ತೂತು. ಚಿಕ್ಕಮ್ಮ ಟಾರ್ಚು ಹತ್ತಿರ ತಂದರು. ಮಡಚಿದ ಚರ್ಮದಡಿ ಏನೋ ಕುದಿಯುತ್ತಿರುವ ಹಾಗೆ ಕಂಡಿತು. ಹುಳ.

"ಅಯ್ಯೋ ನನ್ ತಾಯಿ, ಇಷ್ಟು ದಿನ ಇದ್ನ ಮಡಿಕ್ಕಂಡು ಮರಿ ಕಾದ್ಲಾ" ಅಂದರು ಚಿಕ್ಕಮ್ಮ. ಟಾರ್ಚು ಹಿಡಿದ ಕೈ ನಡುಗುತ್ತಿತ್ತು.

ಆಮೇಲೆ ಚಿಕ್ಕಪ್ಪ ನೆನಪು ಮಾಡಿಕೊಂಡರು. ಬುಧವಾರ ರಾತ್ರಿ ಕೋಳಿ ಕೂಗಿದ್ದು ಕೇಳಿ ಎದ್ದು ಬಂದಿದ್ದರಂತೆ. ನಾಯಿಯೊಂದು ಗೂಡಿನ ಕೆಳಗಿನ ಸಂದಿಯಿಂದ ಓಡಿತ್ತು. ಎಣಿಸಿ ನೋಡಿದರು, ಎಲ್ಲ ಇದ್ದವು, ನೆಲದಲ್ಲಿ ರಕ್ತ ಇರಲಿಲ್ಲ, ಮಲಗಿದರು. ಕೋಳಿ ಗಾಯದ ಮೋಸ ಇದೇ. ಪುಕ್ಕ ಎಲ್ಲವನ್ನೂ ಮುಚ್ಚುತ್ತದೆ. ಗೂಡಿನ ಹತ್ತಿರ ನಾಯಿ, ಮುಂಗುಸಿ, ಕಾಡುಬೆಕ್ಕು ಯಾವುದು ಬಂದಿದ್ದರೂ ತಲೆ ಎಣಿಸಿದರೆ ಸಾಲದು. ಬೆಳಗ್ಗೆ ಒಂದೊಂದನ್ನೂ ಹಿಡಿದು, ರೆಕ್ಕೆ ಎತ್ತಿ, ಬಾಲದ ಬುಡದ ಪುಕ್ಕ ಬಿಡಿಸಿ ನೋಡಬೇಕು. ಗಾಯದ ಮೇಲೆ ನೊಣ ಇಟ್ಟ ಮೊಟ್ಟೆ ಒಂದು ದಿನದೊಳಗೇ ಒಡೆದು ಹುಳವಾಗುತ್ತದೆ. ಕೆಂಪಿಯ ಗಾಯಕ್ಕೆ ಮೂರೂವರೆ ದಿನವಾಗಿತ್ತು.

ಮೊದಲ ದಿನದ ಕೆಲಸ

ಪರಿಚಯದ ಪಶುವೈದ್ಯರಿಗೆ ಫೋಟೋ ಕಳಿಸಿ ಫೋನು ಮಾಡಿದೆ. ಅವರ ಮೊದಲ ಪ್ರಶ್ನೆ, "ಉಸಿರಾಡಿದಾಗ ಗಾಯದಲ್ಲಿ ಗುಳ್ಳೆ ಏಳುತ್ತಾ?" ಕೋಳಿಗೆ ಶ್ವಾಸಕೋಶದ ಜೊತೆಗೆ ಮೈಯೊಳಗೆಲ್ಲ ಗಾಳಿಚೀಲಗಳಿವೆ. ಬೆನ್ನಿಗೋ ಪಕ್ಕೆಗೋ ಹಲ್ಲು ಆಳಕ್ಕೆ ಇಳಿದಿದ್ದರೆ ಗಾಳಿಚೀಲ ತೂತಾಗಿರುತ್ತದೆ. ಅಂಥ ಗಾಯಕ್ಕೆ ನೀರು ಹೊಯ್ದರೆ ನೀರು ನೇರ ಉಸಿರಿನ ದಾರಿಗೆ ಹೋಗುತ್ತದೆ. ಎರಡು ನಿಮಿಷ ಟಾರ್ಚು ಬಿಟ್ಟು ನೋಡಿದೆವು. ಗುಳ್ಳೆ ಇಲ್ಲ. ಹಾಗಾದರೆ ತೊಳೆಯಿರಿ, ನಾಳೆ ಆಸ್ಪತ್ರೆಗೆ ತನ್ನಿ ಅಂದರು.

ಅಷ್ಟರಲ್ಲಿ ಪಕ್ಕದ ಮನೆಯವರು ಬಂದು ನಿಂತಿದ್ದರು. ಒಬ್ಬರು ಡಾಂಬರು ಗುಳಿಗೆ ಪುಡಿ ಮಾಡಿ ತುಂಬಿ ಅಂದರು. ಇನ್ನೊಬ್ಬರು ಸೀಮೆಎಣ್ಣೆ ಬಿಡಿ ಅಂದರು. ದನದ ಗಾಯಕ್ಕೆ ಹುಳ ಬಿದ್ದರೆ ನಮ್ಮ ಕಡೆ ಮಾಡುತ್ತಾ ಬಂದ ಕೆಲಸ ಇದು, ಒಳ್ಳೆ ಮನಸ್ಸಿನಿಂದಲೇ ಹೇಳಿದ್ದು. ಆದರೆ ಕೋಳಿ ಅಂದರೆ ಒಂದೂಕಾಲು ಕೆ.ಜಿ. ಪ್ರಾಣಿ. ಇವೆರಡೂ ವಿಷ. ಹಸಿ ಗಾಯದ ಮೂಲಕ ರಕ್ತಕ್ಕೆ ಸೇರುತ್ತವೆ, ಉಸಿರಿಗೂ ಸೇರುತ್ತವೆ. ಹುಳದ ಜೊತೆ ಕೋಳಿಯೂ ಹೋಗುತ್ತದೆ. ಟರ್ಪೆಂಟೈನ್ ಎಣ್ಣೆಯೂ ಬೇಡ. ಅರಿಶಿನದ ಪುಡಿ ವಿಷವಲ್ಲ, ತರಚುಗಾಯಕ್ಕೆ ನಾನೂ ಹಚ್ಚುತ್ತೇನೆ. ಆದರೆ ಆಳದ ಗಾಯಕ್ಕೆ ತುಂಬಿದರೆ ಮೇಲೆ ಹೆಪ್ಪುಗಟ್ಟಿ ಕೂರುತ್ತದೆ, ಒಳಗೆ ಏನಾಗುತ್ತಿದೆ ಅಂತ ಕಾಣುವುದಿಲ್ಲ.

ನಾವು ಮಾಡಿದ್ದು ಇಷ್ಟು. ಒಂದು ಲೀಟರ್ ನೀರು ಕುದಿಸಿ, 9 ಗ್ರಾಂ ಉಪ್ಪು ಹಾಕಿ, ಅಂದಾಜು ಒಂದೂವರೆ ಟೀ ಚಮಚ, ಉಗುರುಬೆಚ್ಚಗೆ ಆರಿಸಿದೆವು. ಗಾಯದ ಸುತ್ತ ಎರಡು ಬೆರಳಗಲ ಪುಕ್ಕ ಕತ್ತರಿಸಿದೆ. ಸೂಜಿ ತೆಗೆದ ಸಿರಿಂಜಿನಲ್ಲಿ ಆ ಉಪ್ಪುನೀರು ತುಂಬಿ ಮಡಚಿದ ಚರ್ಮದ ಕೆಳಗೆ ಮೆಲ್ಲಗೆ ಬಿಟ್ಟೆ. ಹುಳಗಳು ನೀರಿಗೆ ತಲೆ ಎತ್ತಿ ಹೊರಗೆ ಬಂದವು. ಚಿಮುಟದಲ್ಲಿ ಒಂದೊಂದಾಗಿ ತೆಗೆದು ಸೋಪಿನ ನೀರಿಗೆ ಹಾಕಿದೆ. ಐವತ್ತರವರೆಗೆ ಎಣಿಸಿದೆ, ಆಮೇಲೆ ಬಿಟ್ಟೆ. ಮುಕ್ಕಾಲು ಗಂಟೆ ಹಿಡಿಯಿತು, ನಡುವೆ ಎರಡು ಸಲ ಕೆಂಪಿಗೆ ಸುಧಾರಿಸಿಕೊಳ್ಳಲು ಬಿಟ್ಟೆವು. ಕೊನೆಗೆ ಪೊವಿಡೋನ್ ಅಯೋಡಿನ್ ದ್ರಾವಣವನ್ನು ತಿಳಿ ಟೀ ಬಣ್ಣಕ್ಕೆ ನೀರು ಬೆರೆಸಿ ಒಂದು ಸಲ ತೊಳೆದೆ. ಹೈಡ್ರೋಜನ್ ಪೆರಾಕ್ಸೈಡ್ ಮನೆಯಲ್ಲಿತ್ತು, ಹಾಕಲಿಲ್ಲ. ಬುರುಗು ಬಂದಾಗ ಕೊಳೆ ಹೋಗುತ್ತಿದೆ ಅನ್ನಿಸುತ್ತದೆ, ಆದರೆ ಗಾಯ ಮಾಯಲು ಹೊಸದಾಗಿ ಹುಟ್ಟುವ ಮಾಂಸವನ್ನೂ ಅದು ಸುಡುತ್ತದೆ. ಮನುಷ್ಯರ ನೋವಿಗೆ ಹಚ್ಚುವ, ಮರಗಟ್ಟಿಸುವ ಮುಲಾಮೂ ಬೇಡ ಅಂತ ಡಾಕ್ಟರು ಫೋನಿನಲ್ಲೇ ಹೇಳಿದ್ದರು. ಅದರಲ್ಲಿರುವ ಔಷಧಿ ಸ್ವಲ್ಪ ಜಾಸ್ತಿಯಾದರೂ ಹಕ್ಕಿಗೆ ತಡೆಯುವುದಿಲ್ಲ.

ಆಮೇಲೆ ಶಾಖ. ನೆಲಕ್ಕೆ ಭತ್ತದ ಹೊಟ್ಟು ಹಾಕಲಿಲ್ಲ, ಗಾಯಕ್ಕೆ ಅಂಟುತ್ತದೆ. ರಟ್ಟಿನ ಪೆಟ್ಟಿಗೆಯಲ್ಲಿ ಹಳೇ ಪೇಪರು, ಮೇಲೆ ಹತ್ತಿ ಬಟ್ಟೆ ಹಾಸಿದೆವು. ಪೆಟ್ಟಿಗೆಯನ್ನು ಅಡುಗೆಮನೆ ಗೋಡೆಯ ಬೆಚ್ಚಗಿನ ಬದಿಗೆ ಇಟ್ಟು ಮೇಲೆ ಸೊಳ್ಳೆಪರದೆ ಮುಚ್ಚಿದೆವು. ಮೈ ತಣ್ಣಗಿರುವ ಕೋಳಿಗೆ ಮೇವು ಕೊಟ್ಟರೆ ಅರಗುವುದಿಲ್ಲ. ಕೋಳಿಯ ಮೈ ಶಾಖವೇ ಸುಮಾರು 41 ಡಿಗ್ರಿ, ಮುಟ್ಟಿದರೆ ನಮಗೆ ಜ್ವರ ಬಂದಂತೆ ಬಿಸಿ ತಾಗಬೇಕು. ಕೆಂಪಿಯ ಕಾಲು ತಣ್ಣಗಿತ್ತು. ಅದು ಬೆಚ್ಚಗಾದ ಮೇಲೆ ನೀರು. ಒಂದು ಲೋಟ ನೀರಿಗೆ ಚಿಟಿಕೆ ಉಪ್ಪು, ಸ್ವಲ್ಪ ಬೆಲ್ಲ. ಬಾಯಿ ಬಿಡಿಸಿ ಸುರಿಯಬಾರದು. ಕೋಳಿಯ ಉಸಿರಿನ ದಾರಿ ನಾಲಗೆಯ ಹಿಂದೆಯೇ ತೆರೆದಿರುತ್ತದೆ. ಕೊಕ್ಕಿನ ಪಕ್ಕಕ್ಕೆ ಒಂದೊಂದೇ ಹನಿ ಮುಟ್ಟಿಸಿದರೆ ತಾನೇ ಕುಡಿಯುತ್ತದೆ. ಏಳನೇ ಹನಿಗೋ ಎಂಟನೇ ಹನಿಗೋ ಕೆಂಪಿ ಕತ್ತೆತ್ತಿ ನುಂಗಿದಳು. ಆಗ ನನಗೆ ಸ್ವಲ್ಪ ಧೈರ್ಯ ಬಂತು.

ಮರಿಗಳನ್ನು ಒಂದು ಮಂಕರಿಗೆ ಹಾಕಿ 60 ವ್ಯಾಟ್ ಬಲ್ಬು ಇಳಿಬಿಟ್ಟೆವು. ಎರಡನೇ ವಾರದ ಮರಿಗೆ 32 ಡಿಗ್ರಿಯಷ್ಟು ಶಾಖ ಬೇಕು. ಥರ್ಮಾಮೀಟರು ಇಲ್ಲದಿದ್ದರೂ ಮರಿಗಳೇ ಹೇಳುತ್ತವೆ. ಬಲ್ಬಿನಡಿ ಗುಂಪುಗೂಡಿದರೆ ಚಳಿ, ಅಂಚಿಗೆ ಸರಿದು ಬಾಯಿ ತೆರೆದರೆ ಸೆಕೆ, ಹರಡಿಕೊಂಡು ಮಲಗಿದರೆ ಸರಿ. ಒಂದು ಗಂಟೆಯಲ್ಲಿ ಕೂಗು ನಿಂತಿತು. ಸತ್ತ ಎರಡು ಮರಿಗಳಿಗೆ ಹಿಂದಿನ ರಾತ್ರಿ ಇಷ್ಟು ಮಾಡಿದ್ದರೆ ಅವೂ ಇರುತ್ತಿದ್ದವು.

ಆಸ್ಪತ್ರೆ

ಸೋಮವಾರ ಡಾಕ್ಟರು ಸತ್ತ ಚರ್ಮ ಕತ್ತರಿಸಿ ತೆಗೆದರು. ಹೊಲಿಗೆ ಹಾಕಲಿಲ್ಲ. ನಾಯಿಯ ಬಾಯಿಯ ಕೊಳೆ ಒಳಗಿರುವ ಹಳೇ ಗಾಯವನ್ನು ಹೊಲಿದರೆ ಕೀವು ಒಳಗೇ ಉಳಿಯುತ್ತದೆ, ತೆರೆದೇ ಮಾಯಲಿ ಅಂದರು. ಒಂದು ತೂತಿನೊಳಗಿನಿಂದ ಅವರು ತೆಗೆದ ಕೀವು ನೋಡಿ ಚಿಕ್ಕಮ್ಮನಿಗೆ ಆಶ್ಚರ್ಯ. ಕೋಳಿಯ ಕೀವು ನಮ್ಮದರಂತೆ ಹರಿಯುವುದಿಲ್ಲ, ಗಿಣ್ಣಿನ ತುಂಡಿನಂತೆ ಗಟ್ಟಿಯಾಗಿರುತ್ತದೆ. ಅದಕ್ಕೇ ಹಿಸುಕಿದರೆ ಬರುವುದಿಲ್ಲ, ಹಿಸುಕಲೂ ಬಾರದು.

ತೂಗಿ ನೋಡಿ, 1,280 ಗ್ರಾಂಗೆ ತಕ್ಕಂತೆ ಒಂದು ಆಂಟಿಬಯೋಟಿಕ್ ಮತ್ತು ನೋವಿನ ಔಷಧಿ ಐದು ದಿನಕ್ಕೆ ಬರೆದುಕೊಟ್ಟರು. ಹೆಸರು, ಅಳತೆ ಇಲ್ಲಿ ಬರೆಯುವುದಿಲ್ಲ. ಒಬ್ಬರ ಕೋಳಿಗೆ ಬರೆದದ್ದನ್ನು ಇನ್ನೊಬ್ಬರು ಕೊಡುವುದರಿಂದಲೇ ಅರ್ಧ ತೊಂದರೆ ಆಗುತ್ತಿರುವುದು. ಅಂಗಡಿಯಿಂದ ತಂದಿದ್ದ ಪುಡಿಯನ್ನು ತೋರಿಸಿದಾಗ ತಕ್ಷಣ ನಿಲ್ಲಿಸಲು ಹೇಳಿದರು. ಹದಿಮೂರು ಕೋಳಿಗಳಿಗೆ ಬೇಡದ ಔಷಧಿ ಹೋಗಿತ್ತು, ಅವುಗಳ ಮೊಟ್ಟೆಯನ್ನು ಏಳು ದಿನ ತಿನ್ನಬೇಡಿ, ಮಾರಬೇಡಿ ಅಂದರು. ಔಷಧಿಯ ಮೇಲೆ ಈ ದಿನಗಳ ಲೆಕ್ಕ ಬರೆದಿರುತ್ತದೆ, ಕೊಡುವ ಮುಂಚೆ ಓದಬೇಕು. ಕೆಂಪಿಯಂತೂ ಮೊಟ್ಟೆ ಇಡುವ ಸ್ಥಿತಿಯಲ್ಲೇ ಇರಲಿಲ್ಲ.

ಹುಚ್ಚುನಾಯಿ ಆಗಿದ್ದರೆ ಅಂತ ಚಿಕ್ಕಮ್ಮ ಕೇಳಿದರು. ಅದು ಮೊಲೆಯುಣಿಸುವ ಪ್ರಾಣಿಗಳ ರೋಗ, ಕೋಳಿಯ ಬಗ್ಗೆ ಚಿಂತೆ ಬೇಡ, ಆದರೆ ಆ ನಾಯಿ ಮನೆಯವರನ್ನೋ ದನವನ್ನೋ ಕಚ್ಚಿದ್ದರೆ ಮಾತ್ರ ತಡ ಮಾಡದೆ ಲಸಿಕೆ ಅಂದರು.

ಇದು ಕೊಕ್ಕರೆ ರೋಗವೇ ಆಗಿದ್ದರೆ ಏನು ಮಾಡಬೇಕಿತ್ತು ಅಂತಲೂ ಕೇಳಿಕೊಂಡು ಬಂದೆವು. ಒಂದೆರಡು ದಿನದಲ್ಲಿ ಹಲವು ಕೋಳಿ ದಿಢೀರ್ ಸತ್ತರೆ ಸತ್ತದ್ದನ್ನು ಕೊಯ್ದು ನೋಡಬಾರದು, ನಾಲೆಗೆ ಎಸೆಯಬಾರದು, ತಿನ್ನಬಾರದು. ಪಶು ಸಹಾಯವಾಣಿ 1962ಕ್ಕೆ ಅಥವಾ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಬೇಕು. ಕೊಕ್ಕರೆ ರೋಗವೂ ಹಕ್ಕಿಜ್ವರವೂ ಹೊರಗಿನಿಂದ ನೋಡಿದರೆ ಒಂದೇ ಥರ ಕಾಣಬಹುದು. 2020ರ ಮಾರ್ಚ್‌ನಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಹಕ್ಕಿಜ್ವರ ಬಂದದ್ದು ನಮಗೆಲ್ಲ ಗೊತ್ತೇ ಇದೆ.

ಮುಂದಿನ ದಿನಗಳು

ನಾನು ಆರು ದಿನ ಅಲ್ಲೇ ಉಳಿದೆ. ದಿನಕ್ಕೆ ಎರಡು ಸಲ ಉಪ್ಪುನೀರಿನಲ್ಲಿ ತೊಳೆಯುವುದು. ಮೂರನೇ ದಿನ ತೂಕ 1,210ಕ್ಕೆ ಇಳಿಯಿತು. ಅವತ್ತು ರಾತ್ರಿ ನಾನು ಸರಿಯಾಗಿ ಮಲಗಲಿಲ್ಲ. ರಾಗಿ ಅಂಬಲಿಯನ್ನು ಚಮಚದಲ್ಲಿ ಕೊಕ್ಕಿಗೆ ಮುಟ್ಟಿಸಿದರೆ ಎರಡು ಗುಟುಕು, ಅಷ್ಟೇ. ನಾಲ್ಕನೇ ದಿನ ಬೆಳಗ್ಗೆ ಚಿಕ್ಕಮ್ಮ ಬೇಯಿಸಿದ ಮೊಟ್ಟೆಯ ಹಳದಿಯನ್ನು ಅನ್ನದ ಜೊತೆ ಕಿವುಚಿ ತಟ್ಟೆಯಲ್ಲಿಟ್ಟು, ಬೆರಳಿನಲ್ಲಿ ಟಕ್ ಟಕ್ ಅಂತ ತಟ್ಟೆ ತಟ್ಟಿದರು, ತಾಯಿಕೋಳಿ ಮರಿಗೆ ಮೇವು ತೋರಿಸುವಾಗ ಕೊಕ್ಕಿನಲ್ಲಿ ಕುಕ್ಕುವ ಹಾಗೆ. ಕೆಂಪಿ ಬಗ್ಗಿ ಕುಕ್ಕಿದಳು. ಒಂದಲ್ಲ, ತಟ್ಟೆ ಅರ್ಧ ಖಾಲಿಯಾಗುವವರೆಗೆ. ಮಾರನೇ ದಿನ ಹಿಕ್ಕೆ ಕಂದು ಬಣ್ಣಕ್ಕೆ ತಿರುಗಿತ್ತು. ಚಿಕ್ಕಪ್ಪ ಅದನ್ನು ಪೇಪರು ಸಮೇತ ತಂದು ನನಗೆ ತೋರಿಸಿದರು.

ಐದನೇ ದಿನ ನನ್ನಿಂದ ಒಂದು ತಪ್ಪಾಯಿತು. ಬಿಸಿಲು ಬಂದಿದೆ, ಸ್ವಲ್ಪ ಕಾಯಲಿ ಅಂತ ಪರದೆ ಇಲ್ಲದೆ ಅಂಗಳದಲ್ಲಿ ಕೂರಿಸಿದೆ. ಹತ್ತು ನಿಮಿಷ, ಜಾಸ್ತಿ ಇಲ್ಲ. ಸಂಜೆ ತೊಳೆಯುವಾಗ ಗಾಯದ ಅಂಚಿನ ಪುಕ್ಕದ ಬುಡದಲ್ಲಿ ಸಣ್ಣ ನುಚ್ಚಕ್ಕಿ ಅಂಟಿಸಿದ ಹಾಗೆ ಬಿಳಿ ಗೊಂಚಲು ಕಂಡಿತು. ನೊಣದ ಮೊಟ್ಟೆ. ಆ ಪುಕ್ಕಗಳನ್ನು ಬುಡದವರೆಗೆ ಕತ್ತರಿಸಿ ಸುಟ್ಟೆವು. ಮರುದಿನ ಮೂರು ಸಲ ಬಿಡಿಸಿ ನೋಡಿದೆವು, ಹುಳ ಆಗಿರಲಿಲ್ಲ. ಗಾಯ ಒಣಗಿ ಹಕ್ಕಳೆ ಕಟ್ಟುವವರೆಗೆ ಪರದೆ ತೆಗೆಯಬಾರದು, ಹತ್ತು ನಿಮಿಷಕ್ಕೂ.

ಎಂಟನೇ ದಿನ 1,300 ಗ್ರಾಂ. ಹತ್ತನೇ ದಿನದಿಂದ ದಿನಕ್ಕೆ ಒಂದೇ ಸಲ ತೊಳೆದರು. ನಾನು ಮೈಸೂರಿಗೆ ಬಂದಿದ್ದೆ, ಚಿಕ್ಕಮ್ಮ ದಿನಾ ಸಂಜೆ ಫೋಟೋ ಕಳಿಸುತ್ತಿದ್ದರು. ಒಳಗಿನಿಂದ ಕೆಂಪು ಮಾಂಸ ತುಂಬುತ್ತಾ ಬಂತು. ಮೊದಲು ಕಾಳು ಕಾಳಾಗಿ, ದಾಳಿಂಬೆ ಬಿಡಿಸಿಟ್ಟ ಹಾಗೆ. ಇದು ಕೆಟ್ಟದ್ದಲ್ಲ, ಮಾಯುತ್ತಿರುವ ಗುರುತು. ಇಪ್ಪತ್ತನೇ ದಿನದ ಫೋಟೋದಲ್ಲಿ ಗಾಯದ ಸುತ್ತ ಮುಳ್ಳು ಮುಳ್ಳು. ಬೇರು ಸಮೇತ ಕಿತ್ತುಹೋಗಿದ್ದ ಕಡೆ ಹೊಸ ಪುಕ್ಕದ ಮೊಳಕೆ. ನಾವು ಕತ್ತರಿಸಿದ ಪುಕ್ಕಗಳು ಮಾತ್ರ ಹಾಗೇ ಮೊಂಡಾಗಿ ಉಳಿದಿದ್ದವು, ಅವು ಮುಂದಿನ ಪುಕ್ಕ ಉದುರುವ ಕಾಲಕ್ಕೇ ಬದಲಾಗಬೇಕು.

ಇಷ್ಟು ದಿನವೂ ಪೆಟ್ಟಿಗೆಯನ್ನು ಹಗಲು ಹೊತ್ತು ಗೂಡಿನ ಜಾಲರಿಯ ಪಕ್ಕದಲ್ಲೇ ಇಟ್ಟಿದ್ದೆವು. ಉಳಿದವು ಅವಳನ್ನು ನೋಡುತ್ತಿರಬೇಕು, ಆದರೆ ಮುಟ್ಟಬಾರದು. ಕೆಂಪು ಕಂಡರೆ ಕೋಳಿ ಕುಕ್ಕದೆ ಬಿಡುವುದಿಲ್ಲ. ಪೂರ್ತಿ ಕಣ್ಮರೆ ಮಾಡಿದರೆ ವಾಪಸು ಬಿಡುವಾಗ ಹೊಸಬಳು ಅಂತ ಹೊಡೆಯುತ್ತವೆ. ಇಪ್ಪತ್ನಾಲ್ಕನೇ ದಿನ, ತೂಕ 1,460 ಇದ್ದಾಗ, ಕತ್ತಲಾದ ಮೇಲೆ ಗೂಡಿನ ಕೋಲಿನ ಮೇಲೆ ಕೂರಿಸಿದರು. ಬೆಳಗ್ಗೆ ಒಂದು ಗಿರಿರಾಜ ಹ್ಯಾಟೆ ಎರಡು ಸಲ ಕುಕ್ಕಿತಂತೆ, ಅಷ್ಟಕ್ಕೇ ಮುಗಿಯಿತು.

ಮರಿಗಳ ವಿಷಯದಲ್ಲಿ ಮಾತ್ರ ನಾನು ಅಂದುಕೊಂಡಂತೆ ಆಗಲಿಲ್ಲ. ಏಳೂ ಉಳಿದವು. ಆದರೆ ಮೂರು ವಾರದ ಮೇಲೆ ಅವು ತಾಯಿ ಹತ್ತಿರ ಹೋದರೆ ಕೆಂಪಿ ಗುರುತು ಹಿಡಿಯಲಿಲ್ಲ, ಕುಕ್ಕಿ ಓಡಿಸಿದಳು. ಚಿಕ್ಕಮ್ಮ ಇದನ್ನು ಫೋನಿನಲ್ಲಿ ಹೇಳುವಾಗ ಅವರ ಗಂಟಲು ಕಟ್ಟಿತ್ತು.

ಲಸಿಕೆ ಮತ್ತು ಸಂದಿ

ಈ ಸಲ ಕೊಕ್ಕರೆ ರೋಗ ಅಲ್ಲದಿದ್ದರೂ ಭಯ ನಿಜವಾದದ್ದೇ. ಲಸಿಕೆ ಯಾಕೆ ಹಾಕಿಸಿರಲಿಲ್ಲ ಅಂತ ಕೇಳಿದರೆ ಚಿಕ್ಕಪ್ಪ ಹೇಳಿದ್ದು ನ್ಯಾಯವಾಗೇ ಇತ್ತು. ಲಸಿಕೆ ಬರುವುದು ನೂರಾರು ಕೋಳಿಗಾಗುವ ಸೀಸೆಯಲ್ಲಿ. ತಣ್ಣಗೆ 2ರಿಂದ 8 ಡಿಗ್ರಿಯಲ್ಲಿ ಇಟ್ಟು ತರಬೇಕು, ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಹದಿನಾಲ್ಕು ಕೋಳಿಗೆ ಯಾರು ಮಾಡುತ್ತಾರೆ? ಅದಕ್ಕೆ ಈ ಸಲ ಬೀದಿಯ ಒಂಬತ್ತು ಮನೆ ಸೇರಿ ಒಂದು ದಿನ ಗೊತ್ತು ಮಾಡಿದರು. ವಾರ ಮುಂಚೆ ಎಲ್ಲ ಕೋಳಿಗೂ ಜಂತುಹುಳದ ಔಷಧಿ ಆಗಿತ್ತು. ಐಸ್ ತುಂಬಿದ ಫ್ಲಾಸ್ಕಿನಲ್ಲಿ ಸೀಸೆ ಬಂತು. ಮರಿಗಳಿಗೆ ಮೊದಲು ಕಣ್ಣಿಗೆ ಒಂದೊಂದು ಹನಿ ಲಸೋಟ ಅನ್ನುವ ಕೊಕ್ಕರೆ ರೋಗದ ಲಸಿಕೆ. ಮರಿ ಹುಟ್ಟಿದ ಐದರಿಂದ ಏಳನೇ ದಿನಕ್ಕೇ ಆಗಬೇಕಿದ್ದದ್ದು, ತಡವಾಗಿತ್ತು. ಎಂಟು ವಾರ ತುಂಬಿದ ಮೇಲೆ ಅದೇ ರೋಗಕ್ಕೆ ಆರ್‌ಟುಬಿ ಅನ್ನುವ ಚುಚ್ಚುಮದ್ದು, ಅರ್ಧ ಎಂ.ಎಲ್., ಚರ್ಮದಡಿಗೆ. ಮೈ ಹುಷಾರಿಲ್ಲದ ಕೋಳಿಗೆ ಲಸಿಕೆ ಹಾಕಬಾರದು, ಹಾಗಾಗಿ ಕೆಂಪಿಯದು ಗಾಯ ಪೂರ್ತಿ ಮಾದ ಮೇಲೆ ಆಯಿತು.

ಒಟ್ಟು ಖರ್ಚು 340 ರೂಪಾಯಿ, ನನ್ನ ಬೈಕಿನ ಪೆಟ್ರೋಲು ಬಿಟ್ಟು.

ಗಾಯವಾದ ನಲವತ್ತೊಂದನೇ ದಿನ ಕೆಂಪಿ ಮೊಟ್ಟೆ ಇಟ್ಟಳು. ಬಲ ರೆಕ್ಕೆ ಈಗಲೂ ಸ್ವಲ್ಪ ಕೆಳಗೇ ಇರುತ್ತದೆ, ಗೂಡಿನ ಮೇಲಿನ ಕೋಲಿಗೆ ಹಾರಲಾರಳು. ಚಿಕ್ಕಪ್ಪ ಅವಳಿಗೆಂದು ಒಂದು ಮೊಳ ಎತ್ತರದಲ್ಲಿ ಇನ್ನೊಂದು ಕೋಲು ಕಟ್ಟಿದ್ದಾರೆ. ನಾಯಿ ನುಗ್ಗಿದ ಸಂದಿಗೆ ಚಪ್ಪಡಿ ಕಲ್ಲು ಹೂತು, ಅದರ ಮುಂದೆ ಒಂದಡಿ ಆಳಕ್ಕೆ ಜಾಲರಿ ಇಳಿಸಿದ್ದಾರೆ. ನಾಯಿ ಆಗಾಗ ರಾತ್ರಿ ಬಂದು ಆ ಕಲ್ಲನ್ನು ಮೂಸಿ ಹೋಗುತ್ತದಂತೆ. ಬಂದ ಗುರುತು ಕಂಡ ದಿನ ಬೆಳಗ್ಗೆ ಚಿಕ್ಕಮ್ಮ ಹಾಲು ಕರೆಯುವ ಮುಂಚೆ ಗೂಡಿನ ಬಾಗಿಲಲ್ಲಿ ಕೂತು, ಹೊರಗೆ ಬರುವ ಒಂದೊಂದು ಕೋಳಿಯನ್ನೂ ಹಿಡಿದು ರೆಕ್ಕೆ ಎತ್ತಿ ನೋಡಿ ಬಿಡುತ್ತಾರೆ.